ಬೀದಿ ಊರಿನದು, ತಂತಿ ಕಂಪನಿಯದು

ಮನೆಮನೆಗೆ ಕೇಬಲ್ ಟಿವಿ ತಲುಪಬೇಕಾದರೆ ಕಂಬದಿಂದ ಕಂಬಕ್ಕೆ ತಂತಿ ಎಳೆಯಬೇಕು, ಇಲ್ಲವೇ ರಸ್ತೆ ಅಗೆದು ಹೂಳಬೇಕು. ಒಂದು ಕಂಪನಿ ಬಂಡವಾಳ ಸುರಿದು ಇಡೀ ಊರಿಗೆ ಜಾಲ ಹಾಸಿಬಿಟ್ಟರೆ ಎರಡನೆಯವರು ಅಲ್ಲಿಗೆ ಬರಲು ಹಿಂದೆ ಮುಂದೆ ನೋಡುತ್ತಾರೆ. ಖರ್ಚು ಮೊದಲಿನವರಷ್ಟೇ ಆಗುತ್ತದೆ, ಗಿರಾಕಿಗಳು ಮಾತ್ರ ಹಂಚಿಹೋಗುತ್ತಾರೆ. ಕೇಬಲ್ ವ್ಯವಹಾರದಲ್ಲಿ ಏಕಸ್ವಾಮ್ಯ ಬೆಳೆಯುವುದು ಬಹುಮಟ್ಟಿಗೆ ಈ ಲೆಕ್ಕಾಚಾರದಿಂದ. ಎಲ್ಲರಿಗೂ ಸೇರಿದ ಬೀದಿಯನ್ನು ಬಳಸಿಕೊಂಡು, ಪೈಪೋಟಿಯೇ ಇಲ್ಲದೆ ಹಣ ಮಾಡುವ ಕಂಪನಿ ಆ ಊರಿಗೆ ಏನನ್ನು ಮರಳಿ ಕೊಡಬೇಕು? ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಬರೆಯಲು ಹೊರಟ ದೇಶ ಅಮೆರಿಕ.

ಅಲ್ಲಿ ಕೇಬಲ್ ಟಿವಿ ಹುಟ್ಟಿದ್ದು 1948ರ ಸುಮಾರಿಗೆ. ಪೆನ್ಸಿಲ್ವೇನಿಯಾ ಮತ್ತು ಆರೆಗಾನ್ ರಾಜ್ಯಗಳ ಬೆಟ್ಟಗುಡ್ಡಗಳ ನಡುವಿನ ಸಣ್ಣ ಊರುಗಳಿಗೆ ದೂರದ ನಗರಗಳ ಪ್ರಸಾರ ಸಿಗುತ್ತಿರಲಿಲ್ಲ. ಎತ್ತರದ ಜಾಗದಲ್ಲಿ ಒಂದೇ ದೊಡ್ಡ ಆಂಟೆನಾ ನಿಲ್ಲಿಸಿ, ಅಲ್ಲಿಂದ ಮನೆಗಳಿಗೆ ತಂತಿ ಎಳೆದು, ತಿಂಗಳಿಗಿಷ್ಟು ಎಂದು ಹಣ ಪಡೆಯುವ ಪದ್ಧತಿ ಶುರುವಾಯಿತು. ಬೀದಿ ಬಳಸಲು ಪುರಸಭೆಯ ಒಪ್ಪಿಗೆ ಬೇಕಿತ್ತು. ಆ ಒಪ್ಪಿಗೆಯೇ ಮುಂದೆ ಫ್ರಾಂಚೈಸಿ ಒಪ್ಪಂದವಾಯಿತು. ಇಷ್ಟು ವರ್ಷ ಈ ಊರಿನಲ್ಲಿ ವ್ಯಾಪಾರ ಮಾಡಿಕೊಳ್ಳಿ, ಬದಲಿಗೆ ಊರಿಗೆ ಇಂಥಿಂಥದ್ದನ್ನು ಕೊಡಿ ಎಂಬುದು ಅದರ ತಿರುಳು.

ಕೇಬಲ್ ದೊಡ್ಡ ನಗರಗಳಿಗೆ ಕಾಲಿಟ್ಟಾಗ ಈ ಒಪ್ಪಂದಗಳಿಗೆ ಚಿನ್ನದ ಬೆಲೆ ಬಂತು. ಕಂಪನಿಗಳು ಸ್ಟುಡಿಯೊ, ಗ್ರಂಥಾಲಯಕ್ಕೆ ನೆರವು ಎಂದು ಕೇಳಿದ್ದಕ್ಕೆಲ್ಲ ಹೂಂಗುಟ್ಟಿದವು. ಕ್ಯಾಲಿಫೋರ್ನಿಯಾದ ಸಾಕ್ರಮೆಂಟೊದಲ್ಲಿ ಸಾವಿರಾರು ಗಿಡ ನೆಡುವ ಭರವಸೆಯೂ ಹರಾಜಿನ ಭಾಗವಾಗಿತ್ತು. ಲಂಚವೂ ಹಿಂದುಳಿಯಲಿಲ್ಲ. ಆ ಕಾಲದ ದೊಡ್ಡ ಕೇಬಲ್ ಸಂಸ್ಥೆ ಟೆಲಿಪ್ರಾಂಪ್ಟರ್‌ನ ಮುಖ್ಯಸ್ಥ ಇರ್ವಿಂಗ್ ಕಾನ್, ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಪಟ್ಟಣದ ಫ್ರಾಂಚೈಸಿಗಾಗಿ ಅಲ್ಲಿನ ಅಧಿಕಾರಸ್ಥರಿಗೆ ಲಂಚ ಕೊಟ್ಟ ಆರೋಪ 1971ರಲ್ಲಿ ಸಾಬೀತಾಗಿ ಜೈಲಿಗೆ ಹೋದರು. ಊರಿನ ಒಳಿತಿಗಾಗಿ ಇರಬೇಕಾದ ಕರಾರು ಕೆಲವರ ಜೇಬು ತುಂಬುವ ದಾರಿಯೂ ಆಗಬಲ್ಲದೆಂದು ಆಗಲೇ ಗೊತ್ತಾಗಿತ್ತು.

ಅದೇ 1971ರಲ್ಲಿ, ಅದೇ ಟೆಲಿಪ್ರಾಂಪ್ಟರ್ ಪಾಲುದಾರನಾಗಿದ್ದ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಒಂದು ಒಳ್ಳೆಯ ಕೆಲಸವೂ ನಡೆಯಿತು. ದ್ವೀಪದ ಉತ್ತರ ಭಾಗ ಒಂದು ಕಂಪನಿಗೆ, ದಕ್ಷಿಣ ಭಾಗ ಇನ್ನೊಂದಕ್ಕೆ ಎಂದು ಹಂಚಿಕೊಟ್ಟಿದ್ದ ನಗರಾಡಳಿತ, ಸಾರ್ವಜನಿಕರಿಗಾಗಿಯೇ ವಾಹಿನಿಗಳನ್ನು ಮೀಸಲಿಡಬೇಕೆಂಬ ಷರತ್ತು ಹಾಕಿತ್ತು. ಯಾರು ಬೇಕಾದರೂ ಕಾರ್ಯಕ್ರಮ ಮಾಡಿ ತಂದುಕೊಡಬಹುದು. ಮೊದಲು ಬಂದವರಿಗೆ ಮೊದಲ ಅವಕಾಶ. ಹೆಗಲಿಗೆ ನೇತುಹಾಕಿಕೊಂಡು ಓಡಾಡಬಹುದಾದ ಸೋನಿ ಪೋರ್ಟಾಪ್ಯಾಕ್ ವಿಡಿಯೊ ಉಪಕರಣ ಆಗಷ್ಟೇ ಬಂದಿತ್ತು. ಸಾಕ್ಷ್ಯಚಿತ್ರ ನಿರ್ದೇಶಕ ಜಾರ್ಜ್ ಸ್ಟೋನಿ ಮತ್ತು ರೆಡ್ ಬರ್ನ್ಸ್ ಎಂಬಾಕೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕೇಂದ್ರವೊಂದನ್ನು ತೆರೆದು, ಸಾಮಾನ್ಯ ಜನರಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸತೊಡಗಿದರು. 1972ರಲ್ಲಿ ಕೇಂದ್ರದ ಸಂಪರ್ಕ ಆಯೋಗವಾದ ಎಫ್‌ಸಿಸಿ, ದೇಶದ 100 ದೊಡ್ಡ ಮಾರುಕಟ್ಟೆಗಳಲ್ಲಿನ ಹೊಸ ಕೇಬಲ್ ಜಾಲಗಳು ಸಾರ್ವಜನಿಕರಿಗೆ, ಶಿಕ್ಷಣಕ್ಕೆ ಮತ್ತು ಸ್ಥಳೀಯ ಸರ್ಕಾರಕ್ಕೆ ಒಂದೊಂದು ವಾಹಿನಿ ಬಿಟ್ಟುಕೊಡಬೇಕೆಂದು ನಿಯಮ ಮಾಡಿತು.

ಕಂಪನಿಗಳು ಕೋರ್ಟಿಗೆ ಹೋದವು. ಇಂಥ ಕಟ್ಟುಪಾಡು ಹೇರುವ ಅಧಿಕಾರವನ್ನು ಸಂಸತ್ತು ಆಯೋಗಕ್ಕೆ ಕೊಟ್ಟಿಲ್ಲ ಎಂದು 1979ರಲ್ಲಿ ಸುಪ್ರೀಂ ಕೋರ್ಟ್ ಅಂಥ ನಿಯಮಗಳನ್ನು ತಳ್ಳಿಹಾಕಿತು. ಹಾಗಾಗಿ ಸಂಸತ್ತೇ 1984ರಲ್ಲಿ ಕೇಬಲ್ ಕಾಯ್ದೆ ತಂದಿತು. ಅದರ ಪ್ರಕಾರ ಸ್ಥಳೀಯ ಸಂಸ್ಥೆ ತನ್ನ ಒಪ್ಪಂದದಲ್ಲಿ ಸಮುದಾಯ ವಾಹಿನಿಗಳನ್ನು ಕೇಳಬಹುದು. ಅವುಗಳಲ್ಲಿ ಏನು ಬರಬೇಕು, ಏನು ಬರಬಾರದು ಎಂಬುದರಲ್ಲಿ ಕಂಪನಿ ಕೈಹಾಕುವಂತಿಲ್ಲ. ಬೀದಿಯ ಬಾಡಿಗೆಯಾಗಿ ಕೇಬಲ್ ಸೇವೆಯ ಒಟ್ಟು ಆದಾಯದ ಮೇಲೆ ಶೇ 5ರವರೆಗೆ ಶುಲ್ಕ ಪಡೆಯಬಹುದು. ಬಡವರ ಬಡಾವಣೆ ಎಂಬ ಕಾರಣಕ್ಕೆ ಯಾವ ಪ್ರದೇಶವನ್ನೂ ಬಿಟ್ಟುಹೋಗದಂತೆ ನೋಡಿಕೊಳ್ಳುವ ಹೊಣೆಯೂ ಸ್ಥಳೀಯ ಸಂಸ್ಥೆಯದೇ. ಇಡೀ ಕಾಯ್ದೆಯಲ್ಲಿ ಅತ್ಯಂತ ಮಾನವೀಯವಾದ ಸಾಲು ಇದು. ಆದರೆ ದರ ನಿಯಂತ್ರಣವನ್ನು ಇದೇ ಕಾಯ್ದೆ ಬಹುಪಾಲು ಸಡಿಲಿಸಿದ್ದರಿಂದ ಬಿಲ್ಲುಗಳು ಏರಿದವು. ಜನರ ಸಿಟ್ಟಿಗೆ ಮಣಿದ ಸಂಸತ್ತು 1992ರಲ್ಲಿ, ಅಧ್ಯಕ್ಷ ಜಾರ್ಜ್ ಎಚ್.ಡಬ್ಲ್ಯು. ಬುಷ್ ಅವರ ವೀಟೊವನ್ನೂ ಮೀರಿ, ಇನ್ನೊಂದು ಕಾಯ್ದೆ ತಂದಿತು. ಒಬ್ಬರಿಗೇ ಊರನ್ನು ಬರೆದುಕೊಡುವ ಒಪ್ಪಂದಗಳು ಅಲ್ಲಿಗೆ ಕಾನೂನುಬಾಹಿರವಾದವು. ಕಾಗದದ ಮೇಲೆ ಏಕಸ್ವಾಮ್ಯ ಹೋದರೂ ಎರಡನೆಯ ತಂತಿ ಬಹಳ ಊರುಗಳಿಗೆ ಬರಲಿಲ್ಲ.

ಸಮುದಾಯ ವಾಹಿನಿಗಳಿಂದ ಆದ ಪ್ರಯೋಜನವೇನು? ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಒಂದು ಉದಾಹರಣೆ. ಅಲ್ಲಿನ ಮೇಯರ್ ಆಗಿದ್ದ ಬರ್ನಿ ಸ್ಯಾಂಡರ್ಸ್ 1986ರಿಂದ 1988ರವರೆಗೆ ಊರಿನ ವಾಹಿನಿಯಲ್ಲಿ ತಮ್ಮದೇ ಕಾರ್ಯಕ್ರಮ ನಡೆಸಿದರು. ಮೈಕ್ ಹಿಡಿದು ಹೊರಗೆ ನಿಂತು, ಹೋಗುವವರು ಬರುವವರನ್ನು, ಮಕ್ಕಳನ್ನೂ ಸೇರಿಸಿ, ಮಾತಾಡಿಸುತ್ತಿದ್ದರು. ಚಿತ್ರಗಳು ಒರಟಾಗಿದ್ದವು, ಧ್ವನಿ ಹಲವು ಸಲ ಸರಿಯಿರಲಿಲ್ಲ. ಆದರೂ ಆಡಳಿತಗಾರ ಮತ್ತು ನಾಗರಿಕ ಎದುರುಬದುರಾಗಿ ನಿಂತದ್ದನ್ನು ಊರು ಕಂಡಿತು. ಅನೇಕ ಪಟ್ಟಣಗಳಲ್ಲಿ ನಗರಸಭೆಯ ಕಲಾಪ, ಶಾಲಾ ಮಂಡಳಿಯ ಸಭೆಗಳು ಆರಂಭದಿಂದ ಕೊನೆಯವರೆಗೆ ಪ್ರಸಾರವಾದವು. ತೆರಿಗೆ ಏರಿಸಿದವರು ಯಾರು, ವಿರೋಧಿಸಿದವರು ಯಾರು ಎಂಬುದು ಮನೆಯಲ್ಲೇ ಕುಳಿತು ತಿಳಿಯುತ್ತಿತ್ತು. ದ್ವೇಷ ಕಾರುವ ಕಾರ್ಯಕ್ರಮಗಳೂ ಬಂದದ್ದುಂಟು. ಎಲ್ಲರಿಗೂ ಬಾಗಿಲು ತೆರೆದ ಮೇಲೆ ಅದು ತೆರಲೇಬೇಕಾದ ಬೆಲೆ.

2005ರಿಂದ ಗಾಳಿ ತಿರುಗಿತು. ಆ ವರ್ಷ ಟೆಕ್ಸಸ್, ಮರುವರ್ಷ ಕ್ಯಾಲಿಫೋರ್ನಿಯಾ, ಫ್ರಾಂಚೈಸಿ ಕೊಡುವ ಅಧಿಕಾರವನ್ನು ಊರುಗಳಿಂದ ಕಿತ್ತು ರಾಜ್ಯದ ಕೈಗೆ ಕೊಟ್ಟವು. ಇತರ ಹಲವು ರಾಜ್ಯಗಳೂ ಅದೇ ಹಾದಿ ಹಿಡಿದವು. ಫೋನ್ ಕಂಪನಿಗಳು ಬೇಗ ಮಾರುಕಟ್ಟೆಗೆ ಬಂದು ಪೈಪೋಟಿ ಹೆಚ್ಚಲಿ ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಕಂಪನಿಯ ಎದುರು ಮೇಜಿಗೆ ಕೂತು ಚೌಕಾಸಿ ಮಾಡುವ ಹಕ್ಕನ್ನು ಊರುಗಳು ಕಳೆದುಕೊಂಡವು. ಕೆಲವು ಸಮುದಾಯ ಸ್ಟುಡಿಯೊಗಳಿಗೆ ಬೀಗ ಬಿತ್ತು. ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಇಂಟರ್ನೆಟ್‌ನಿಂದ. ಶೇ 5ರ ಶುಲ್ಕ ಅನ್ವಯಿಸುವುದು ಟಿವಿ ಸೇವೆಯ ಆದಾಯಕ್ಕೆ ಮಾತ್ರ. ಒಂದು ಮನೆಯವರು 80 ಡಾಲರಿನ ಟಿವಿ ಚಂದಾ ಕಟ್ಟಿದರೆ ಊರಿಗೆ 4 ಡಾಲರ್ ಸಿಗಬಹುದು. ಅದೇ 80 ಡಾಲರನ್ನು ಅದೇ ಕಂಪನಿಗೆ, ಅದೇ ತಂತಿಯಲ್ಲಿ ಬರುವ ಇಂಟರ್ನೆಟ್‌ಗೆ ಕಟ್ಟಿದರೆ ಈ ಲೆಕ್ಕದಲ್ಲಿ ಏನೂ ಸಿಗದು. ತಂತಿ ಹಾದುಹೋಗುವ ಬೀದಿ ಮಾತ್ರ ಅದೇ. ಇದು ಅನ್ಯಾಯವೆಂದು ಹೇಳಲು ಹೆಚ್ಚಿನ ವಾದ ಬೇಕಿಲ್ಲ.

ಭಾರತದಲ್ಲಿ ಕಥೆ ಬೇರೆ. 1995ರ ಕೇಬಲ್ ಟೆಲಿವಿಷನ್ ಜಾಲಗಳ (ನಿಯಂತ್ರಣ) ಕಾಯ್ದೆಯಡಿ ಸ್ಥಳೀಯ ಆಪರೇಟರು ಹೆಸರು ನೋಂದಾಯಿಸಿದ್ದು ಪ್ರಧಾನ ಅಂಚೆ ಕಚೇರಿಯಲ್ಲಿ. ನಗರಸಭೆಯೊಂದಿಗೆ ಫ್ರಾಂಚೈಸಿ ಎಂಬ ಏರ್ಪಾಡೇ ಇಲ್ಲಿ ಬೆಳೆಯಲಿಲ್ಲ. ಕಾನೂನು ಯಾರಿಗೂ ಏಕಸ್ವಾಮ್ಯ ಕೊಡಲಿಲ್ಲವಾದರೂ, ಈ ಬೀದಿ ಇವರದು, ಆ ಬೀದಿ ಅವರದು ಎಂದು ಕೇಬಲ್‌ನವರೇ ಹಂಚಿಕೊಂಡದ್ದುಂಟು. ತಮಿಳುನಾಡಿನಲ್ಲಿ ಸರ್ಕಾರವೇ 2007ರಲ್ಲಿ ಅರಸು ಕೇಬಲ್ ನಿಗಮ ಹುಟ್ಟುಹಾಕಿತು. 2011ರಲ್ಲಿ ಅದಕ್ಕೆ ಮರುಜೀವ ಕೊಟ್ಟು ತಿಂಗಳಿಗೆ 70 ರೂಪಾಯಿಗೆ ಸಂಪರ್ಕ ನೀಡಿತು. ಸುದ್ದಿ ಹಾಯುವ ದಾರಿಯೇ ಸರ್ಕಾರದ ಕೈಯಲ್ಲಿರುವುದು ಇನ್ನೊಂದು ಅಪಾಯ. ಏಕಸ್ವಾಮ್ಯಕ್ಕೆ ಮಿತಿ ಹಾಕಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲಿ ಶಿಫಾರಸು ಮಾಡಿತ್ತು. 2022ರ ಹೊತ್ತಿಗೆ ಡಿಟಿಎಚ್ ಮುಂತಾದವುಗಳಿಂದ ಪೈಪೋಟಿ ಸಾಕಷ್ಟಿದೆ ಎಂಬ ನಿಲುವಿಗೆ ಬಂತು.

ಕರ್ನಾಟಕದ ಅನೇಕ ಪಟ್ಟಣಗಳಲ್ಲಿ ಕೇಬಲ್‌ನವರ ಲೋಕಲ್ ಚಾನೆಲ್‌ಗಳಿವೆ. ಜಾತ್ರೆ, ರಥೋತ್ಸವ, ಶಾಲಾ ವಾರ್ಷಿಕೋತ್ಸವ, ಸೀರೆ ಅಂಗಡಿಯ ಜಾಹೀರಾತು ಅಲ್ಲಿ ಬರುತ್ತವೆ. ಇಂಥ ವಾಹಿನಿಗಳಿಗೆ ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿ, ಸಂಖ್ಯೆಗೆ ಮಿತಿ ಹಾಕಿತು. ಕಾರ್ಯಕ್ರಮಗಳ ಮುದ್ರಿಕೆಯನ್ನು 90 ದಿನ ಇಟ್ಟುಕೊಳ್ಳಬೇಕೆಂದೂ ಹೇಳಿತು. ಆದರೆ ಇವು ಮಾಲೀಕರ ವಾಹಿನಿಗಳು. ಏನನ್ನು ತೋರಿಸಬೇಕೆಂದು ತೀರ್ಮಾನಿಸುವವರು ಅವರೇ. ದೂರದರ್ಶನದ ವಾಹಿನಿಗಳನ್ನು ಕಡ್ಡಾಯವಾಗಿ ತೋರಿಸಬೇಕೆಂದು 1995ರ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ಊರಿನ ಜನರಿಗೆ ಒಂದು ವಾಹಿನಿ ಬಿಟ್ಟುಕೊಡಬೇಕೆಂದು ಅದು ಹೇಳುವುದಿಲ್ಲ. ದೆಹಲಿಯ ಪಾಲಿಗೆ ಸಿಕ್ಕ ಈ ಖಾತರಿ ಊರಿಗೂ ಸಿಗಬೇಕು. ನಗರಸಭೆಯ ಸಾಮಾನ್ಯ ಸಭೆಯನ್ನಾದರೂ ಪೂರ್ತಿಯಾಗಿ, ಕತ್ತರಿ ಹಾಕದೆ ತೋರಿಸಬೇಕೆಂಬ ಒಂದು ಸಾಲನ್ನು ಶಾಸನಕರ್ತರು ಆ ಕಾಯ್ದೆಗೆ ಸೇರಿಸಲಿ.