‘ಗೋರೆ ಗೋರೆ’ ಹಾಡಿನ ಎರಡನೇ ದನಿ ಯಾರದ್ದು?

ಚಿಂಚೋಳಿ ತಾಲ್ಲೂಕಿನ ಐನಾಪುರದಿಂದ ಮಾತಾಡ್ತಾ ಇದ್ದೀನಿ. ಹಿಂದ ಟ್ರ್ಯಾಕ್ಟರ್ ಸಪ್ಪಳ ಕೇಳಿದ್ರ ಹೊಟ್ಯಾಗ ಹಾಕ್ಕೊಳ್ರಿ, ತೊಗರಿ ರಾಶಿ ನಡದದ.

ಇವತ್ತಿನ ಎಪಿಸೋಡ್ ಹುಟ್ಟಿದ್ದು ಒಂದು ರೀಲ್‌ನಿಂದ. ಯಾರದೋ ಮದುವೆಯಲ್ಲಿ ಇಬ್ಬರು ಹುಡುಗಿಯರು ‘ಗೋರೆ ಗೋರೆ ಓ ಬಾಂಕೆ ಛೋರೆ’ ಹಾಡಿಗೆ ಕುಣಿದಿದ್ದರು. ಕೆಳಗೆ ಗಾಯಕಿ ಅಂತ ಒಂದೇ ಹೆಸರು ಇತ್ತು, ಲತಾ ಮಂಗೇಶ್ಕರ್. ಬಾಜೂಕ ಕುಂತಿದ್ದ ನಮ್ಮ ಮುತ್ಯಾ, ಕಣ್ಣು ಸರಿ ಕಾಣಲ್ಲ, ಕಿವಿ ಮಾತ್ರ ಇನ್ನೂ ಚುರುಕು, ಅಂದ: “ಒಬ್ಬಾಕಿ ಅಲ್ಲೋ ತಮ್ಮಾ, ಇಬ್ಬರದಾರ. ಎರಡನೇದಾಕಿ ನಮ್ಮ ಕಡಿಯಾಕಿ.”

ಮುತ್ಯಾ ಸುಳ್ಳು ಹೇಳಿರಲಿಲ್ಲ. ಹಾಡು 1950ರ ‘ಸಮಾಧಿ’ ಚಿತ್ರದ್ದು. ಸಂಗೀತ ಸಿ. ರಾಮಚಂದ್ರ. ತೆರೆ ಮೇಲೆ ನಳಿನಿ ಜಯವಂತ್ ಮತ್ತು ಕುಲದೀಪ್ ಕೌರ್. ನಳಿನಿಗೆ ದನಿ ಕೊಟ್ಟವರು ಆಗಿನ್ನೂ ಇಪ್ಪತ್ತರ ಆಸುಪಾಸಿನ ಲತಾ. ಕುಲದೀಪ್‌ಗೆ ಕೊಟ್ಟವರು ನಲವತ್ತರ ಆಸುಪಾಸಿನ ಒಬ್ಬ ಹೆಂಗಸು, ಬೀಳಗಿ ಊರಿನವರು, ಹೆಸರು ಅಮೀರ್‌ಬಾಯಿ ಕರ್ನಾಟಕಿ. (ಧಾಟಿ ಮಾತ್ರ ಇಬ್ಬರ ಕಡೆಯದೂ ಅಲ್ಲ. 1945ರ ಒಂದು ಅಮೆರಿಕನ್ ಸಿನಿಮಾದಲ್ಲಿ ಕಾರ್ಮೆನ್ ಮಿರಾಂಡಾ ಹಾಡಿದ ‘ಚಿಕೊ ಚಿಕೊ’ದಿಂದ ಎತ್ತಿದ್ದು. ಅದು ಬೇರೆ ಎಪಿಸೋಡು.)

ಈ ಹಾಡನ್ನು ನಾನು ಸಣ್ಣವನಿದ್ದಾಗಿಂದ ಕೇಳ್ತಾ ಬಂದೀನಿ. ಎರಡು ದನಿ ಅದಾವ ಅನ್ನೋದೇ ಗೊತ್ತಿರಲಿಲ್ಲ. ಹೆಸರಿನಾಗೇ ‘ಕರ್ನಾಟಕಿ’ ಅಂತ ಇಟ್ಕೊಂಡಾಕಿ ನಮಗೇ ಗೊತ್ತಿಲ್ಲ ಅಂದ್ರ ಹೆಂಗ? ಅದಕ್ಕೇ ಕುಂತು ಓದಿದೆ. ರಹಮತ್ ತರೀಕೆರೆ ಅವರು ಅಮೀರ್‌ಬಾಯಿ ಬಗ್ಗೆ ಕನ್ನಡದಲ್ಲೇ ಜೀವನಚರಿತ್ರೆ ಬರೆದಿದ್ದಾರೆ, ಸಿಕ್ಕರೆ ಓದಿ.

ಮೊದಲು ಆ ಅಡ್ಡಹೆಸರಿನ ವಿಚಾರ. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆವಾಗ ಬಿಜಾಪುರ ಜಿಲ್ಲೆ, ಮುಂಬಯಿ ಪ್ರಾಂತ್ಯ. ನಮ್ಮ ಚಿಂಚೋಳಿ ನಿಜಾಮರ ಹೈದರಾಬಾದಿನಲ್ಲಿತ್ತು, ಮೈಸೂರು ಮಹಾರಾಜರ ಕೈಯಲ್ಲಿತ್ತು. ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ. 1956ರಲ್ಲಿ ಎಲ್ಲ ಒಂದಾದ ಮೇಲೂ ಹೆಸರು ಮೈಸೂರು ರಾಜ್ಯ ಅಂತಲೇ ಇತ್ತು, ‘ಕರ್ನಾಟಕ’ ಆಗಿದ್ದು 1973ರ ನವೆಂಬರ್ 1ಕ್ಕೆ. ಅಷ್ಟೊತ್ತಿಗೆ ಅಮೀರ್‌ಬಾಯಿ ತೀರಿಕೊಂಡು ಎಂಟು ವರ್ಷ. ಅಂದ್ರೆ ರಾಜ್ಯಕ್ಕೆ ಆ ಹೆಸರು ಬರೋದಕ್ಕಿಂತ ಎಷ್ಟೋ ಮುಂಚೆ ಈಕೆ ಆ ಹೆಸರನ್ನ ಮುಂಬೈ ಸಿನಿಮಾಗಳಲ್ಲಿ ತಿರುಗಿಸಿಬಿಟ್ಟಿದ್ದರು.

ಮನೆತನ ಹಾಡು, ನಾಟಕದ್ದು. ಐದು ಜನ ಅಕ್ಕತಂಗಿಯರಲ್ಲಿ ಇಬ್ಬರು ಹೆಸರು ಮಾಡಿದರು, ಅಮೀರ್ ಮತ್ತು ಗೋಹರ್. ಇಬ್ಬರೂ ಕಂಪನಿ ನಾಟಕದಲ್ಲಿ ಬೆಳೆದವರು. ನಿಮ್ಮಲ್ಲಿ ಬಹಳ ಜನ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿರ್ತೀರಿ, ಆದರೆ ಮೈಕ್ ಇಟ್ಟುಕೊಂಡು ಮಾಡೋದನ್ನ. ಆ ಕಾಲದಲ್ಲಿ ಮೈಕ್ ಇಲ್ಲ. ತಗಡಿನ ಥಿಯೇಟರು, ಮುಂದೆ ಕಾಲಿಂದ ಒತ್ತೋ ಹಾರ್ಮೋನಿಯಂ, ತಬಲಾ, ಗದ್ದಲ ಮಾಡೋ ಜನ. ಕಟ್ಟಕಡೆಯ ಸಾಲಿನಲ್ಲಿ ಎರಡಾಣೆ ಕೊಟ್ಟು ನೆಲದ ಮೇಲೆ ಕುಂತವನಿಗೂ ಪದ ಸ್ಪಷ್ಟ ಕೇಳಬೇಕು. ಕೇಳಿಸಿದರೆ “ಒನ್ಸ್ ಮೋರ್” ಅಂತ ಕೂಗ್ತಾನೆ, ಕೇಳಿಸದಿದ್ದರೆ ಬೇರೆ ಏನೋ ಕೂಗ್ತಾನೆ. ಅಂಥ ಜಾಗದಲ್ಲಿ ತಯಾರಾಗೋ ದನಿ ಎದೆಯಿಂದ ಬರುತ್ತೆ, ಸ್ವಲ್ಪ ದಪ್ಪ, ಸ್ವಲ್ಪ ಮೂಗಿನದು, ಪ್ರತಿ ಅಕ್ಷರಕ್ಕೂ ಒತ್ತು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಇದೇ ದನಿ ಅವರನ್ನ ಎತ್ತುತ್ತೆ, ಇದೇ ದನಿ ಕೆಳಗೂ ಇಳಿಸುತ್ತೆ.

ಸರಿ, ನಾಟಕ ಬಿಟ್ಟು ಮುಂಬೈಗೆ ಯಾಕೆ ಹೋದರು? ನಾನು ಬಿ.ಕಾಂ. ಮಾಡಿದವನು, ದುಡ್ಡು ಯಾವ ಕಡೆ ಹರೀತಿತ್ತು ಅಂತ ಮೊದಲು ನೋಡ್ತೀನಿ. 1931ರಲ್ಲಿ ‘ಆಲಂ ಆರಾ’ ಬಂತು, ಸಿನಿಮಾ ಮಾತಾಡೋಕೆ ಶುರು ಮಾಡ್ತು. ಮಾತಾಡೋ ಸಿನಿಮಾಕ್ಕೆ ಹಾಡಲೂ ಬರೋ, ನಟಿಸಲೂ ಬರೋ ಹೆಂಗಸರು ಬೇಕು. ಹಂಗೆ ತಯಾರಾದವರು ಇದ್ದಿದ್ದು ಎಲ್ಲಿ? ನಾಟಕದಲ್ಲಿ, ಮೆಹಫಿಲ್‌ನಲ್ಲಿ. ಕನ್ನಡದಲ್ಲಿ ಆಗ ಕೆಲಸವೇ ಇರಲಿಲ್ಲ ಅನ್ನಿ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬಂದಿದ್ದೇ 1934ರ ಮಾರ್ಚ್ 3ಕ್ಕೆ, ಅದನ್ನ ಚಿತ್ರೀಕರಿಸಿದ್ದೂ ಕೊಲ್ಲಾಪುರದ ಸ್ಟುಡಿಯೋದಲ್ಲಿ. ಅದೇ 1934ರಲ್ಲಿ ಅಮೀರ್‌ಬಾಯಿಯ ಮೊದಲ ಹಿಂದಿ ಸಿನಿಮಾ ‘ವಿಷ್ಣು ಭಕ್ತಿ’. ಭಾಷೆಯ ತೊಂದರೆ ಬರಲಿಲ್ಲ. ಬಿಜಾಪುರ ಸೀಮೆಯ ಮುಸ್ಲಿಂ ಮನೆಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ ಮೂರೂ ಓಡಾಡ್ತಿದ್ದವು. ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಆಮೇಲೆ ಹತ್ತು ವರ್ಷದ ಹತ್ತಿರ ಸಣ್ಣಪುಟ್ಟ ಪಾತ್ರ, ಹಾಡು. ಇಷ್ಟರಲ್ಲಿ ಸಿನಿಮಾದ ಕೆಲಸದ ರೀತಿ ಬದಲಾಯಿತು. 1935ರಲ್ಲಿ ಕಲ್ಕತ್ತಾದಲ್ಲಿ ನಿತಿನ್ ಬೋಸ್ ಅವರ ‘ಧೂಪ್ ಛಾಂವ್’ನಲ್ಲಿ ಹಿನ್ನೆಲೆ ಗಾಯನ ಬಂತು. ಅಂದ್ರ ಹಾಡೋರು ಒಬ್ಬರು, ತುಟಿ ಆಡಿಸೋರು ಇನ್ನೊಬ್ಬರು. ಈಗ ನಮಗಿದು ಸಹಜ. ಆದರೆ ಹಾಡು-ನಟನೆ ಎರಡೂ ಸೇರಿಸಿಯೇ ಸಂಬಳ ತಗೊಳ್ತಿದ್ದ ಕಲಾವಿದೆಯ ಜಾಗದಿಂದ ನೋಡಿ. ಒಂದೇ ಕೆಲಸ ಎರಡು ಹೋಳಾಯಿತು. ಮುಖಕ್ಕೆ ಒಬ್ಬರು, ಗಂಟಲಿಗೆ ಒಬ್ಬರು.

1943ರಲ್ಲಿ ಬಂತು ‘ಕಿಸ್ಮತ್’. ಬಾಂಬೆ ಟಾಕೀಸ್ ಚಿತ್ರ, ನಿರ್ದೇಶಕ ಗ್ಯಾನ್ ಮುಖರ್ಜಿ, ಹೀರೋ ಅಶೋಕ್ ಕುಮಾರ್, ಸಂಗೀತ ಅನಿಲ್ ಬಿಸ್ವಾಸ್. ಕಲ್ಕತ್ತಾದ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಒಂದು ಕೋಟಿ ರೂಪಾಯಿ ಗಳಿಸಿದ ಮೊದಲ ಭಾರತೀಯ ಚಿತ್ರ ಯಾವುದು ಅಂದರೆ ಇದರ ಹೆಸರೇ ಬರುತ್ತೆ. ಕಥೆಯ ನಾಯಕಿ ರಾಣಿ ಒಂದು ಕಾಲದಲ್ಲಿ ಸ್ಟೇಜಿನ ಮೇಲೆ ಕುಣಿದು ಹೆಸರು ಮಾಡಿದಾಕಿ, ಈಗ ಕಾಲು ಕುಂಟು, ಹಾಡಿ ಸಾಲ ತೀರಿಸಬೇಕು. ನಟಿಸಿದ್ದು ಮುಮ್ತಾಜ್ ಶಾಂತಿ. ಹಾಡಿದ್ದು ಅಮೀರ್‌ಬಾಯಿ. ಸ್ಟೇಜಿನಲ್ಲಿ ಹುಟ್ಟಿ ಬೆಳೆದಾಕಿಯ ದನಿ, ಸ್ಟೇಜ್ ಕಳಕೊಂಡಾಕಿಯ ಪಾತ್ರಕ್ಕೆ. ‘ಧೀರೆ ಧೀರೆ ಆ ರೇ ಬಾದಲ್’ ಇದೇ ಸಿನಿಮಾದ್ದು.

ಇದರಲ್ಲೇ ‘ದೂರ್ ಹಟೋ’ ಹಾಡೂ ಇದೆ, ಖಾನ್ ಮಸ್ತಾನಾ ಜೊತೆ. ಬರೆದವರು ಕವಿ ಪ್ರದೀಪ್. ಹಿಂದೂಸ್ತಾನ ನಮ್ಮದು, ಹೊರಗಿನವರು ದೂರ ಸರೀರಿ ಅನ್ನೋ ಹಾಡು, ಅದೂ ಕ್ವಿಟ್ ಇಂಡಿಯಾ ನಡೆದ ಮರುವರ್ಷವೇ. ಬ್ರಿಟಿಷ್ ಸೆನ್ಸಾರ್ ಹೆಂಗ ಬಿಟ್ಟರು ಅಂತೀರಾ? ಹಾಡಿನೊಳಗೆ ಜರ್ಮನಿ, ಜಪಾನ್ ಹೆಸರು ಹಾಕಿದ್ದರು. ಯುದ್ಧದಲ್ಲಿ ಆ ಎರಡೂ ಬ್ರಿಟಿಷರಿಗೆ ವೈರಿಗಳೇ ತಾನೇ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಟಾಕೀಸಿನಲ್ಲಿ ಕುಂತ ಜನಕ್ಕೆ ಮಾತ್ರ ಯಾರನ್ನ ದೂರ ಹೋಗು ಅಂತಿದಾರೆ ಅಂತ ಪಕ್ಕಾ ಗೊತ್ತಾಯ್ತು. ರೀಲು ಹಿಂದಕ್ಕೆ ಸುತ್ತಿಸಿ ಅದೇ ಹಾಡು ಮತ್ತೆ ಹಾಕಿಸಿದರು ಅಂತ ಹಳಬರು ಹೇಳ್ತಾರೆ. ಕಂಪನಿ ನಾಟಕದ ಒನ್ಸ್ ಮೋರೇ ಅದು, ಕೂಗಿಸಿಕೊಂಡ ಹೆಂಗಸು ಮಾತ್ರ ಅಲ್ಲಿ ಇರಲಿಲ್ಲ.

ಮರುವರ್ಷ ನೌಶಾದ್ ಸಂಗೀತದ ‘ರತನ್’ಗೂ ಹಾಡಿದರು. 1946ರ ಗುಜರಾತಿ ‘ರಾಣಕದೇವಿ’ಯಲ್ಲಿ ಇವರು ಹಾಡಿದ ‘ಮಾರೆ ತೆ ಗಾಮಡೆ’ಯನ್ನ ಗುಜರಾತಿ ಮನೆಗಳಲ್ಲಿ ಇವತ್ತಿಗೂ ನೆನೆಸ್ತಾರೆ. ನಿಮ್ಮ ಆಫೀಸಿನಲ್ಲಿ ಗುಜರಾತಿ ಗೆಳೆಯರಿದ್ದರೆ ಕೇಳಿ ನೋಡಿ. 1948ರ ‘ಶಹನಾಜ್’ ಸಿನಿಮಾಕ್ಕೆ ಅಮೀರ್‌ಬಾಯಿಯೇ ಸಂಗೀತ ನಿರ್ದೇಶಕಿ. ಜದ್ದನ್‌ಬಾಯಿ, ಸರಸ್ವತಿ ದೇವಿ ಥರದ ಕೆಲವೇ ಹೆಂಗಸರು ಅದಕ್ಕೂ ಮುಂಚೆ ಆ ಕುರ್ಚಿಯಲ್ಲಿ ಕುಂತಿದ್ದು. ಈ ಒಂದು ಮಾತು ಗೊತ್ತಾದಾಗ ನನಗೆ ನಿಜವಾಗ್ಲೂ ಸಿಟ್ಟು ಬಂತು. ಶಾಲೆಯಲ್ಲಿ ಎಷ್ಟು ‘ಪ್ರಥಮ’ಗಳ ಪಟ್ಟಿ ಬಾಯಿಪಾಠ ಮಾಡಿಸಿದರು, ಇದನ್ನೊಂದು ಹೇಳಲಿಲ್ಲ.

ಮನೆ ಬದುಕು ಸುಖದ್ದಲ್ಲ. ಗಂಡ ಹಿಮಾಲಯವಾಲಾ ಅನ್ನೋ ನಟ, ತೆರೆ ಮೇಲೆ ಖಳನಾಯಕ. ಆ ಮದುವೆಯಲ್ಲಿ ಬಹಳ ನೋವುಂಡರು. ಮದುವೆ ಮುರಿಯಿತು, ದೇಶ ಇಬ್ಭಾಗ ಆದಾಗ ಆತ ಪಾಕಿಸ್ತಾನಕ್ಕೆ ಹೋದ. ಅಮೀರ್‌ಬಾಯಿ ಇಲ್ಲೇ ಉಳಿದರು. ಇದರ ಮೇಲೆ ಮಸಾಲೆ ಹಾಕಿ ಕಥೆ ಹೇಳೋರು ಬಹಳ ಜನ ಇದಾರೆ, ನಾನು ಹಾಕಲ್ಲ.

ಈಗ ಗೋಹರ್. ಮೊದಲೇ ಒಂದು ಎಚ್ಚರಿಕೆ ಕೊಡ್ತೀನಿ. ಫೋನಿನಲ್ಲಿ ಗೋಹರ್ ಅಂತ ಹುಡುಕಿದರೆ ಮೂರು ಜನ ಸಿಗ್ತಾರೆ. ಕಲ್ಕತ್ತಾದ ಗೌಹರ್ ಜಾನ್, 1902ರಲ್ಲೇ ಗ್ರಾಮಫೋನಿಗೆ ಹಾಡಿದಾಕಿ, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಇನ್ನೊಬ್ಬರು ಮುಂಬೈನ ಮಿಸ್ ಗೋಹರ್, ರಣಜಿತ್ ಸ್ಟುಡಿಯೋದವರು. ನಮ್ಮಾಕಿ ಮೂರನೇದವರು, ಗೋಹರ್ ಕರ್ನಾಟಕಿ. ಫೋಟೋ ಅದಲುಬದಲು ಮಾಡಿ ಹಾಕಿರ್ತಾರೆ, ನಂಬಬೇಡಿ.

ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವ ಅಂದ್ರೆ ದೇವರು. ನಿಜವಾದ ಹೆಸರು ನಾರಾಯಣ ಶ್ರೀಪಾದ ರಾಜಹಂಸ. ಗಂಡಸು, ಆದರೆ ಹೆಣ್ಣಿನ ಪಾತ್ರದಲ್ಲಿ ಅವರು ಉಟ್ಟ ಸೀರೆಯ ರೀತಿಯನ್ನ ಊರ ಹೆಂಗಸರು ನೋಡಿ ಕಲೀತಿದ್ದರು. 1930ರ ದಶಕದ ಕೊನೆಯಲ್ಲಿ ಗೋಹರ್ ಅವರ ಕಂಪನಿ ಸೇರಿದರು. ಹೆಣ್ಣಿನ ಪಾತ್ರಕ್ಕೇ ಹೆಸರಾದ ಗಂಡಸಿನ ಕಂಪನಿಯಲ್ಲಿ ಈಗ ನಿಜವಾದ ಹೆಂಗಸೊಬ್ಬಳು ನಾಯಕಿ. ಯೋಚನೆ ಮಾಡಿ, ಎಷ್ಟು ಜನಕ್ಕೆ ಹೊಟ್ಟೆ ಉರಿದಿರಬೇಡ! 1951ರಲ್ಲಿ ಇಬ್ಬರೂ ಮದುವೆಯಾದರು. ಅಭಿಮಾನಿಗಳಲ್ಲಿ ಬಹಳ ಜನ ಕಂಪನಿ ಹಾಳಾಗಿದ್ದೇ ಈಕೆಯಿಂದ ಅಂದರು. ಲೆಕ್ಕ ತೆಗೆದು ನೋಡಿದರೆ ಹಂಗೆ ಕಾಣಲ್ಲ. ಕಂಪನಿ ಸಾಲದಲ್ಲಿ ಮುಳುಗಿದ್ದು 1920ರ ದಶಕದಲ್ಲೇ. ಗೋಹರ್ ಬರೋದಕ್ಕೂ ಮುಂಚೆ, 1935ರಲ್ಲಿ, ಬಾಲಗಂಧರ್ವ ಸಿನಿಮಾ ಕಡೆ ಹೊರಳಿ ಶಾಂತಾರಾಮ್ ಅವರ ‘ಧರ್ಮಾತ್ಮಾ’ದಲ್ಲಿ ನಟಿಸಿದ್ದರು. ಜನ ಟಾಕೀಸಿಗೆ ಹೋದರು, ನಾಟಕದ ಗಲ್ಲಾ ಖಾಲಿಯಾಯ್ತು. ಅದಕ್ಕೆ ಒಬ್ಬ ಕನ್ನಡದ ಮುಸ್ಲಿಂ ಹೆಂಗಸು ಕಾರಣ ಅನ್ನೋದು ಸುಲಭದ ಮಾತು, ಅಷ್ಟೇ. ಕೊನೆಗಾಲದಲ್ಲಿ ಬಾಲಗಂಧರ್ವರ ಕಾಲು ಹೋದಾಗ ಜೊತೆಗಿದ್ದವರು ಗೋಹರ್. 1964ರಲ್ಲಿ ಆಕೆಯೇ ಮೊದಲು ಹೋದರು, ಮೂರು ವರ್ಷದ ಮೇಲೆ ಅವರು.

ತಿರುಗಿ ಅಮೀರ್‌ಬಾಯಿ ಕಡೆ ಬರ್ತೀನಿ. 1949ರಲ್ಲಿ ‘ಮಹಲ್’, ‘ಬರ್ಸಾತ್’, ‘ಅಂದಾಜ್’ ಬಂದವು, ಮೂರರಲ್ಲೂ ಲತಾ. ಮೈಕ್ ಈಗ ಚೆನ್ನಾಗಿ ಸೂಕ್ಷ್ಮವಾಗಿತ್ತು. ಕಟ್ಟಕಡೆಯ ಸಾಲಿಗೆ ದನಿ ಎಸೆಯೋ ಅಗತ್ಯವೇ ಇಲ್ಲ, ಕಿವಿಯ ಹತ್ತಿರ ಪಿಸುಗುಟ್ಟಿದರೂ ಸಾಕು. ತೆಳುವಾದ, ಎತ್ತರದ, ಹದಿನಾರರ ಹುಡುಗಿಯ ದನಿ ಫ್ಯಾಷನ್ ಆಯಿತು. ಅಮೀರ್‌ಬಾಯಿ, ಜೊಹ್ರಾಬಾಯಿ ಅಂಬಾಲೆವಾಲಿ ಇಂಥವರ ದಪ್ಪ ದನಿ ಒಮ್ಮೆಲೇ ಹಳೇದು ಅನ್ನಿಸಿಕೊಂಡಿತು. ಲತಾ ಯಾರ ಅನ್ನವನ್ನೂ ಕಸಿದರು ಅಂತ ನಾನು ಹೇಳ್ತಿಲ್ಲ. ಆಕೆಗೂ ಸಿಕ್ಕಿದ್ದು ಅದೇ ವ್ಯವಸ್ಥೆ. ‘ಮಹಲ್’ ಹಾಡಿನ ರೆಕಾರ್ಡ್ ಬಂದಾಗ ಅದರ ಮೇಲೆ ಲತಾ ಹೆಸರೇ ಇರಲಿಲ್ಲ, ಚಿತ್ರದ ಪಾತ್ರ ‘ಕಾಮಿನಿ’ ಹೆಸರಿತ್ತು! ಗಾಯಕರಿಗೆ ಹೆಸರು ಬೇಕು, ರಾಯಲ್ಟಿ ಬೇಕು ಅಂತ ಲತಾ ಮುಂದೆ ಜಗಳ ಮಾಡಿದರು. ಆ ಜಗಳದ ಲಾಭ ತಗೊಳ್ಳೋ ಹೊತ್ತಿಗೆ ಅಮೀರ್‌ಬಾಯಿ ಹಾಡೋದನ್ನ ಹೆಚ್ಚುಕಡಿಮೆ ನಿಲ್ಲಿಸಿಯಾಗಿತ್ತು.

ಹಾಗಾಗಿ ‘ಗೋರೆ ಗೋರೆ’ ನನಗೆ ಈಗ ಬರೀ ಕುಣಿಯೋ ಹಾಡಲ್ಲ. ಮೂರು ನಿಮಿಷದ ಒಳಗೆ ಎರಡು ಕಾಲ ಅಕ್ಕಪಕ್ಕ ನಿಂತಾವ. ಹೆಡ್‌ಫೋನ್ ಹಾಕಿ ಕೇಳಿ, ಒಂದು ದನಿ ಮೈಕಿಗೆ ಹಾಡ್ತದ, ಇನ್ನೊಂದು ಇನ್ನೂ ಕೊನೇ ಸಾಲಿನವನಿಗೆ ಹಾಡ್ತದ.

ಆಮೇಲೆ ಅವರು ಎಲ್ಲಿಂದ ಶುರು ಮಾಡಿದ್ದರೋ ಅಲ್ಲಿಗೇ ಬಂದರು, ನಟನೆಗೆ. ಸಿನಿಮಾಗಳಲ್ಲಿ ಪೋಷಕ ಪಾತ್ರ. ಹಾಡು ಬೇರೆಯವರದು, ಇವರು ಬರೀ ಮಾತಾಡ್ತಾರೆ. ದನಿಯೇ ಆಸ್ತಿ ಆಗಿದ್ದ ಹೆಂಗಸಿಗೆ ಸೆಟ್ಟಿನಲ್ಲಿ ಕುಂತು ಬೇರೊಬ್ಬರ ಹಾಡು ಸ್ಪೀಕರಿನಲ್ಲಿ ಕೇಳೋದು ಹೆಂಗಿದ್ದಿರಬಹುದು ಅಂತ ಮುತ್ಯಾನ್ನ ಕೇಳಿದೆ. ಮುತ್ಯಾ ಅಂದ, “ಕೆಲಸ ಸಿಕ್ಕಿತಲ್ಲೋ, ಅದನ್ನ ನೋಡು.” ಇರಬಹುದು. ನನಗ್ಯಾಕೋ ಅಷ್ಟು ಸಲೀಸಾಗಿ ಒಪ್ಪೋಕೆ ಆಗ್ತಿಲ್ಲ.

1965ರ ಮಾರ್ಚ್ 3ರಂದು, ಪಾರ್ಶ್ವವಾಯು ಹೊಡೆದು, ಅಮೀರ್‌ಬಾಯಿ ತೀರಿಕೊಂಡರು. ದಿನಾಂಕ ಗಮನಿಸಿದ್ರಾ? ಕನ್ನಡದ ಮೊದಲ ವಾಕ್ಚಿತ್ರ ಬಿಡುಗಡೆಯಾದ ದಿನವೇ, ಮೂವತ್ತೊಂದು ವರ್ಷದ ನಂತರ. ಮಣ್ಣು ಮಾಡಿದ್ದು ಬಿಜಾಪುರದಲ್ಲಿ. ಅದೇ ಊರಲ್ಲಿ ‘ಅಮೀರ್ ಟಾಕೀಸ್’ ಅಂತ ಒಂದು ಥಿಯೇಟರ್ ಅದ. ವಿಜಯಪುರದ ಗೆಳೆಯರು ಅಲ್ಲಿ ಸಿನಿಮಾ ನೋಡಿರ್ತೀರಿ, ಬೋರ್ಡಿನ ಮೇಲಿನ ಅಮೀರ್ ಯಾರು ಅಂತ ಕೇಳಿರಲಿಕ್ಕಿಲ್ಲ.

ನಾನು ಆ ರೀಲ್ ಕೆಳಗೆ ಕಾಮೆಂಟ್ ಹಾಕಿದೀನಿ, ಎರಡನೇ ಹೆಸರೂ ಸೇರಿಸ್ರಿ ಅಂತ. ಇನ್ನೂ ಸೇರಿಸಿಲ್ಲ. ನಿಮ್ಮನೆಯಲ್ಲಿ ಹಿರಿಯರಿದ್ದರೆ ಇವತ್ತು ರಾತ್ರಿ ‘ಧೀರೆ ಧೀರೆ’ ಹಾಕಿ ಕೇಳಿಸಿ, ಅವರು ಏನಂದರು ಅಂತ ವಾಯ್ಸ್ ನೋಟ್ ಕಳಿಸಿ. ಚಲೋ ಇದ್ದದ್ದನ್ನ ಮುಂದಿನ ವಾರ ಹಾಕ್ತೀನಿ. ಬರ್ತೀನ್ರಿ.