ಲೋಹದ ಕವಾಟ ಮತ್ತು ಬಸಿರು

ಸುಳ್ಯ, ಪುತ್ತೂರು ಕಡೆಯಿಂದ ಬಂದು ಮಂಗಳೂರಿನ ಬಿಜೈಯ ಕೆಎಸ್ಸಾರ್ಟಿಸಿ ನಿಲ್ದಾಣದಲ್ಲಿಳಿದು ಹೃದಯದ ಡಾಕ್ಟರರನ್ನು ಕಾಣಲು ಹೋಗುವ ಕೆಲವು ಹೆಂಗಸರ ಚೀಲದಲ್ಲಿ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಲೆಕ್ಕದ ಚೀಟಿಗಳಿರುತ್ತವೆ. ಎಳವೆಯ ಗಂಟಲು ಸೋಂಕು ರುಮ್ಯಾಟಿಕ್ ಜ್ವರಕ್ಕೆ ತಿರುಗಿ, ಹೃದಯದ ಕವಾಟ ಕೆಟ್ಟು, ಹರೆಯದಲ್ಲೇ ಕೃತಕ ಕವಾಟ ಹಾಕಿಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಅಗ್ಗದ ದೇಶೀ ಕವಾಟ ರೂಪಿಸಿದ ಡಾ. ಎಂ.ಎಸ್. ವಲಿಯತ್ತಾನ್ ಆಮೇಲೆ ಮಣಿಪಾಲಕ್ಕೆ ಕುಲಪತಿಯಾಗಿ ಬಂದರು. ಅವರ ತಂಡದ ‘ಚಿತ್ರಾ’ ಹೆಸರಿನ ಆ ಕವಾಟವನ್ನು ರೋಗಿಗೆ ಮೊದಲು ಜೋಡಿಸಿದ್ದು 1990ರ ಡಿಸೆಂಬರ್‌ನಲ್ಲಿ, ತಿರುವನಂತಪುರದಲ್ಲಿ.

ಇಂಥ ಲೋಹದ ಕವಾಟ ದಶಕಗಟ್ಟಲೆ ಬಾಳುತ್ತದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲು ಮಾತ್ರ ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆ ಬದುಕಿಡೀ ಬೇಕು. ಬಸಿರಾದಾಗ ತೊಡಕು ಶುರು. ರಕ್ತ ಹೆಪ್ಪುಗಟ್ಟುವ ಗುಣ ಆಗ ತಾನಾಗಿಯೇ ಹೆಚ್ಚುತ್ತದೆ. ಮಾತ್ರೆಯೋ ಮಾಸು ದಾಟಿ ಭ್ರೂಣ ಸೇರುತ್ತದೆ. 6ರಿಂದ 12ನೇ ವಾರದೊಳಗೆ ಅದು ಮಗುವಿನ ಮೂಗು, ಮೂಳೆಗಳ ಬೆಳವಣಿಗೆ ಕೆಡಿಸಬಲ್ಲದು. ಅದೇ ಕೆಲಸ ಮಾಡುವ ಹೆಪಾರಿನ್ ಚುಚ್ಚುಮದ್ದಿನ ಅಣು ದೊಡ್ಡದು, ಮಾಸು ದಾಟದು. ಹಾಗಾದರೆ ಅದನ್ನೇ ಕೊಟ್ಟರಾಯಿತಲ್ಲ?

ಅಷ್ಟು ಸಲೀಸಿಲ್ಲ. 2015ರಲ್ಲಿ ಪ್ರಕಟವಾದ ‘ರೋಪಾಕ್’ ಎಂಬ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಲೋಹದ ಕವಾಟದ 212 ಗರ್ಭಿಣಿಯರ ಪೈಕಿ 10 ಮಂದಿಯ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅವರಲ್ಲಿ ಐವರಿಗೆ ಇದಾದದ್ದು ಮೊದಲ ಮೂರು ತಿಂಗಳಲ್ಲಿ; ಐವರೂ ಮಾತ್ರೆ ಬಿಟ್ಟು ಹೆಪಾರಿನ್‌ಗೆ ಹೊರಳಿದವರು. ಗಂಭೀರ ತೊಂದರೆಯಿಲ್ಲದೆ ಮಗುವನ್ನು ಪಡೆದವರು ಶೇ. 58 ಮಾತ್ರ. ಪ್ರಾಣಿಯ ಅಂಗಾಂಶದಿಂದ ಮಾಡಿದ ಕವಾಟವಿದ್ದವರಲ್ಲಿ ಇದು ಶೇ. 79. ಆದರೆ ಆ ಕವಾಟ ಎಳೆಯರಲ್ಲಿ ಬೇಗ ಸವೆಯುತ್ತದೆ. ಮಗು ಹೈಸ್ಕೂಲು ಮುಟ್ಟುವಷ್ಟರಲ್ಲಿ ತಾಯಿಗೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾದೀತು.

ಯುರೋಪಿನ ಹೃದ್ರೋಗ ತಜ್ಞರ 2018ರ ಮಾರ್ಗಸೂಚಿ ನಡುದಾರಿ ಹಿಡಿಯಿತು. ವಾರ್ಫರಿನ್ ದಿನಕ್ಕೆ 5 ಮಿ.ಗ್ರಾಂ.ಗಿಂತ ಕಡಿಮೆ (ಅಸಿಟ್ರಾಮ್ ಆದರೆ 2) ಸಾಕಾಗುವವರಿಗೆ ಮೊದಲ ತಿಂಗಳುಗಳಲ್ಲೂ ಮಾತ್ರೆ ಮುಂದುವರಿಸಬಹುದು. ಹೆಚ್ಚು ಬೇಕಾದವರಿಗೆ ರಕ್ತಪರೀಕ್ಷೆಯ ಕಣ್ಗಾವಲಿನಲ್ಲಿ ಹೆಪಾರಿನ್. 36ನೇ ವಾರಕ್ಕೆ ಎಲ್ಲರಿಗೂ ಹೆಪಾರಿನ್, ಏಕೆಂದರೆ ಮಾತ್ರೆ ಮುಂದುವರಿದರೆ ಹೆರಿಗೆಯ ಒತ್ತಡಕ್ಕೆ ಮಗುವಿನ ಮಿದುಳಿನಲ್ಲಿ ರಕ್ತಸ್ರಾವವಾದೀತು. ಮಾತ್ರೆಯ ಪ್ರಮಾಣ ಊಟವನ್ನೂ ನೆಚ್ಚಿದೆ: ಆಟಿಯಲ್ಲಿ ಪತ್ರೊಡೆ, ಬಸಳೆ, ಹರಿವೆ ಏಕಾಏಕಿ ಹೆಚ್ಚಾದರೆ ಸೊಪ್ಪಿನ ವಿಟಮಿನ್ ಕೆ ಮದ್ದಿನ ಬಲ ಕುಗ್ಗಿಸುತ್ತದೆ. ಸೊಪ್ಪು ಬಿಡಬೇಕಿಲ್ಲ, ಅಳತೆ ಒಂದೇ ಇರಲಿ.

ಮದುವೆ ಮಾತುಕತೆಯಲ್ಲಿ ಎದೆಯ ಹೊಲಿಗೆಯ ಗುರುತನ್ನು ಮುಚ್ಚಿಡುವ ಮನೆಗಳ ಬಗ್ಗೆ ನನಗೆ ತಕರಾರಿದೆ. ಗುಟ್ಟು ಕಾಯುವ ಹೆಣ್ಣು ಪರೀಕ್ಷೆಗೆ ಹೋಗುವುದು ತಡವಾಗುತ್ತದೆ. ಮಗು ಬೇಕೆನಿಸಿದಾಗಲೇ ಗಂಡ ಹೆಂಡತಿ ಇಬ್ಬರೂ ಹೃದಯತಜ್ಞರನ್ನೂ ಹೆರಿಗೆ ವೈದ್ಯರನ್ನೂ ಕಾಣಿ. ಮುಟ್ಟು ತಪ್ಪಿದರೆ ಹೆದರಿ ಮಾತ್ರೆ ನಿಲ್ಲಿಸಬೇಡಿ. ಅದೇ ದಿನ ವೈದ್ಯರಿಗೆ ತಿಳಿಸಿ.