ರಾಜ್ಯಶಾಸ್ತ್ರದ ಅಧ್ಯಾಪಕನೂ ಬೀದಿಯ ತೀರ್ಪೂ

ಭೌತವಿಜ್ಞಾನಿಯ ಪ್ರಬಂಧವನ್ನು ಪರಮಾಣುಗಳು ಓದುವುದಿಲ್ಲ. ರಾಜ್ಯಶಾಸ್ತ್ರಜ್ಞ ಬರೆದುದನ್ನು ಮಾತ್ರ ಅವನ ಅಧ್ಯಯನದ ವಸ್ತುವಾದ ಪಕ್ಷಗಳೇ ಓದುತ್ತವೆ. ಹಲವೊಮ್ಮೆ ಓದದೆಯೇ ಕೆರಳುತ್ತವೆ. ಈ ಶಾಸ್ತ್ರವನ್ನು ವೃತ್ತಿಯಾಗಿ ಆರಿಸಿಕೊಳ್ಳುವ ಯುವಕ ಯುವತಿಯರಿಗೆ ಯಾವ ವಿಶ್ವವಿದ್ಯಾಲಯವೂ ಇದನ್ನು ಮೊದಲೇ ಹೇಳುವುದಿಲ್ಲ.

ಪುಣೆಯ ಸುಹಾಸ್ ಪಳಶೀಕರ್ ಅವರ ಅನುಭವವನ್ನೇ ನೋಡಬಹುದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಎನ್‌ಸಿಇಆರ್‌ಟಿ ಹೊರತಂದ ರಾಜ್ಯಶಾಸ್ತ್ರ ಪಠ್ಯಗಳಿಗೆ ಅವರು ಮತ್ತು ಯೋಗೇಂದ್ರ ಯಾದವ್ ಮುಖ್ಯ ಸಲಹೆಗಾರರಾಗಿದ್ದರು. ಹನ್ನೊಂದನೆಯ ತರಗತಿಯ ಪುಸ್ತಕದಲ್ಲಿ, ಶಂಕರ್ 1949ರಲ್ಲಿ ರಚಿಸಿದ, ಅಂಬೇಡ್ಕರ್ ಅವರನ್ನು ಬಸವನಹುಳುವಿನ ಮೇಲೆ ಕೂರಿಸಿದ ವ್ಯಂಗ್ಯಚಿತ್ರವೊಂದಿತ್ತು. 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಕೋಲಾಹಲವೆದ್ದಿತು. ಇಬ್ಬರೂ ರಾಜೀನಾಮೆ ನೀಡಿದರು. ಮರುದಿನ ಪುಣೆ ವಿಶ್ವವಿದ್ಯಾಲಯದಲ್ಲಿದ್ದ ಪಳಶೀಕರ್ ಅವರ ಕೊಠಡಿಯ ಮೇಲೆ ದಾಳಿ ನಡೆಯಿತು. ದಲಿತರಿಗೆ ಆ ಚಿತ್ರ ನೋವು ತಂದುದರಲ್ಲಿ ಅಸಹಜವಾದುದೇನೂ ಇರಲಿಲ್ಲ. ಆದರೆ ತರಗತಿಯಲ್ಲಿ ನಡೆಯಬೇಕಾಗಿದ್ದ ಚರ್ಚೆ ಅಲ್ಲಿಗೆ ತಲುಪಲೇ ಇಲ್ಲ.

ಆಗ ದೆಹಲಿಯಲ್ಲಿದ್ದುದು ಯುಪಿಎ ಸರ್ಕಾರ. ಎನ್‌ಡಿಎ ಆಳ್ವಿಕೆಯ 2022ರಲ್ಲಿ ಅದೇ ಪಠ್ಯಗಳಿಂದ 2002ರ ಗುಜರಾತ್ ಗಲಭೆಯ ಪ್ರಸ್ತಾಪವನ್ನೂ ತುರ್ತು ಪರಿಸ್ಥಿತಿಯ ಕೆಲವು ಭಾಗಗಳನ್ನೂ ಕೈಬಿಡಲಾಯಿತು. ತಾವು ಒಪ್ಪದ ಪುಸ್ತಕಕ್ಕೆ ತಮ್ಮ ಹೆಸರು ಬೇಡವೆಂದು ಇಬ್ಬರೂ 2023ರ ಜೂನ್‌ನಲ್ಲಿ ಪತ್ರ ಬರೆದರು. ಸಂಸ್ಥೆ ಒಪ್ಪಲಿಲ್ಲ. ಒಂದು ಕಾಲದಲ್ಲಿ ಹೊರಹೋಗುವ ಸ್ಥಿತಿ, ಇನ್ನೊಂದು ಕಾಲದಲ್ಲಿ ಹೊರಹೋಗಲು ಬಿಡದ ಸ್ಥಿತಿ! ಯಾವುದೋ ಒಂದೇ ಪಕ್ಷದ ಅಸಹನೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ.

ಪಳಶೀಕರ್ ಅವರಂಥ ಹಿರಿಯರು ಇಂತಹ ಪೆಟ್ಟನ್ನು ತಾಳಿಕೊಂಡಾರು. ಅತಿಥಿ ಉಪನ್ಯಾಸಕನಾಗಿ ವರ್ಷದಿಂದ ವರ್ಷಕ್ಕೆ ನೇಮಕದ ಆದೇಶಕ್ಕಾಗಿ ಕಾಯುವವನ ಪಾಡೇನು? ಕೋಮುಗಲಭೆ, ಜಾತಿ ಸಮೀಕರಣ, ಚುನಾವಣಾ ಅಕ್ರಮಗಳನ್ನು ಬಿಟ್ಟು ಪಂಚಾಯತ್ ರಾಜ್ ಯೋಜನೆಯೊಂದರ ಅನುಷ್ಠಾನವನ್ನು ಆರಿಸಿಕೊಳ್ಳುವುದೇ ಅವನಿಗೆ ಕ್ಷೇಮ. ಮಾರ್ಗದರ್ಶಕರೂ ಅದನ್ನೇ ಸೂಚಿಸುತ್ತಾರೆ, ಪ್ರೀತಿಯಿಂದಲೇ. ಪಂಚಾಯಿತಿಯೇನೂ ಸಣ್ಣ ವಿಷಯವಲ್ಲ. ಆದರೆ ಅಲ್ಲಿಯೂ ಜಾತಿಯ ಪ್ರಶ್ನೆ ಎದುರಾದೊಡನೆ ಪ್ರಬಂಧ ಅಂಕಿಅಂಶಗಳ ಕೋಷ್ಟಕದೊಳಗೆ ಅವಿತುಕೊಳ್ಳುತ್ತದೆ.

ಇತ್ತ ಸಂಜೆಯ ದೂರದರ್ಶನ ಚರ್ಚೆಗಳಲ್ಲಿ 'ರಾಜಕೀಯ ವಿಶ್ಲೇಷಕ'ರಿಗೆ ಕೊರತೆಯಿಲ್ಲ. ಮತದಾರರ ಮನೆಬಾಗಿಲಿಗೆ ಹೋಗಿ, ಉತ್ತರಗಳನ್ನು ಬರೆದುಕೊಂಡು, ತಿಂಗಳುಗಟ್ಟಲೆ ಕುಳಿತು ಲೆಕ್ಕ ಹಾಕಿದವನಿಗೆ ಅಲ್ಲಿ ದೊರೆಯುವುದು ಅರ್ಧ ನಿಮಿಷ. ಅಷ್ಟರೊಳಗೆ ಅವನು ಯಾರ ಪರ ಎಂಬುದನ್ನು ನಿರೂಪಕರು ಕೇಳಿ ಮುಗಿಸಿರುತ್ತಾರೆ.